ಮರಳಿನಲ್ಲಿ ಇಬ್ಬರು

ಕಲಾವಿದೆ ಮೇರಿ ಕಸಾಟ್ 1884ರಲ್ಲಿ ಬರೆದ ಒಂದು ತೈಲಚಿತ್ರದಲ್ಲಿ ಇಬ್ಬರು ಪುಟ್ಟ ಹುಡುಗಿಯರು ಕಡಲ ದಂಡೆಯ ಮರಳಿನಲ್ಲಿ ಕೂತಿದ್ದಾರೆ. ಹಿಂದೆ ಅಷ್ಟಗಲ ಸಮುದ್ರ, ಅದರ ಮೇಲೆ ದೋಣಿಗಳು. ಇಬ್ಬರಿಗೂ ಅದರ ಪರಿವೆಯಿಲ್ಲ. ಮುಂದಿನವಳು ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಪುಟ್ಟ ಸಲಿಕೆ ಹಿಡಿದು, ತಲೆ ಬಗ್ಗಿಸಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಾಳೆ.

ಹೊನ್ನಾಳಿಯ ಹೊಳೆದಂಡೆ ಬಲ್ಲವರಿಗೆ ಈ ಭಂಗಿ ಹೊಸದಲ್ಲ. ಬೇಸಿಗೆಯಲ್ಲಿ ತುಂಗಭದ್ರೆ ಇಳಿದು ಮರಳು ತೆರೆದುಕೊಂಡರೆ ಮಕ್ಕಳು ಮೊದಲು ತೋಡುವುದು ಒರತೆ. ನಾಲ್ಕು ಮಾರು ಆಚೆಗೆ ಹೊಳೆಯೇ ಹರಿಯುತ್ತಿದ್ದರೂ ಅವರಿಗೆ ಬೇಕಾದದ್ದು ತಾವೇ ತೋಡಿದ ಬೊಗಸೆ ನೀರು. ಪಕ್ಕದಲ್ಲಿ ಇನ್ನೊಬ್ಬಳು ಪಾದದ ಮೇಲೆ ಒದ್ದೆ ಮರಳು ಪೇರಿಸಿ, ತಟ್ಟಿ ತಟ್ಟಿ, ಉಸಿರು ಬಿಗಿಹಿಡಿದು ಮೆಲ್ಲಗೆ ಕಾಲು ಹೊರಗೆಳೆಯುತ್ತಾಳೆ: ಗುಬ್ಬಚ್ಚಿ ಗೂಡು! ಜಗಳೂರಿನ ಬಯಲುಸೀಮೆಯಲ್ಲಾದರೆ ಮಳೆ ನಿಂತೊಡನೆ ಬೀದಿ ನೀರಿಗೆ ಮಣ್ಣಿನ ಕಟ್ಟೆ ಏಳುತ್ತದೆ. ಆಗ ಎಷ್ಟು ಕೂಗಿದರೂ ಯಾವ ಮಗುವೂ ಓಗೊಡುವುದಿಲ್ಲ.

ಕಸಾಟ್ ಹಿಡಿದದ್ದು ಈ ತನ್ಮಯತೆಯನ್ನು. ಸಮುದ್ರವನ್ನೂ ದೋಣಿಗಳನ್ನೂ ಅವರು ತೆಳುವಾಗಿ, ಸಡಿಲ ಕುಂಚದಲ್ಲಿ ಮುಗಿಸಿಬಿಟ್ಟಿದ್ದಾರೆ. ಮಗುವಿನ ದುಂಡು ತೋಳಿಗೆ, ಕೆಂಪೇರಿದ ಕೆನ್ನೆಗೆ ಬಂದಾಗ ಮಾತ್ರ ಕೈ ನಿಧಾನಿಸುತ್ತದೆ. ಬಿಳಿ ಮೇಲಂಗಿಯ ಮಡಿಕೆಗಳನ್ನು ನೋಡಿ, ನೆರಳು ಕಪ್ಪಗಿಲ್ಲ, ನೀಲಿಯಾಡುತ್ತಿದೆ. ಮೊನೆ, ರೆನ್ವಾರ್ ಮೊದಲಾದ ಇಂಪ್ರೆಷನಿಸ್ಟ್ ಚಿತ್ರಕಾರರು ಬಯಲಲ್ಲಿ ಕೂತು ಕಂಡುಕೊಂಡ ಬಿಸಿಲಿನ ಗುಟ್ಟು ಇದು. ನಮ್ಮ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಬರೆದಾಗಲೂ ಬೆಳಕು ಬಣ್ಣವಾಗಿಯೇ ಇಳಿಯಿತು. ಆದರೆ ಕಸಾಟ್ ಬೆಳಕಿಗೆ ಸೋತು ಮಗುವನ್ನು ಕರಗಿಸಲಿಲ್ಲ. ಆ ಹುಡುಗಿಗೆ ಮೈಭಾರವಿದೆ, ಮರಳಿನಲ್ಲಿ ಗಟ್ಟಿಯಾಗಿ ಕೂತಿದ್ದಾಳೆ.

ಇನ್ನು ಎರಡನೆಯವಳು. ಅವಳ ಮುಖವನ್ನು ಹುಲ್ಲಿನ ಟೋಪಿ ಮರೆಮಾಡಿದೆ. ಈ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆ ಟೋಪಿ. ಮಕ್ಕಳ ಚಿತ್ರವೆಂದರೆ ಮುದ್ದು ಮುಖ ನಮ್ಮತ್ತ ತಿರುಗಿರಲೇಬೇಕು, ನಗಲೇಬೇಕು ಎಂಬ ಹಟ ಅಂದೂ ಇತ್ತು. ಮೊಬೈಲ್ ಎತ್ತಿ "ಇಲ್ಲಿ ನೋಡು ಪುಟ್ಟಾ" ಎನ್ನುವ ನಮಗೆ ಇಂದೂ ಇದೆ. ಕಸಾಟ್ ಕರೆಯಲಿಲ್ಲ. 1886ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಇಂಪ್ರೆಷನಿಸ್ಟರ ಎಂಟನೆಯ, ಕೊನೆಯ ಪ್ರದರ್ಶನದಲ್ಲಿ ಈ ಚಿತ್ರವಿತ್ತು. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಂದಿನಿಂದ ಎಷ್ಟು ಜನ ಎದುರು ನಿಂತು ಹೋದರೋ, ಒಬ್ಬರನ್ನೂ ಆ ಇಬ್ಬರು ತಲೆಯೆತ್ತಿ ನೋಡಿಲ್ಲ. ಅಷ್ಟು ಸೊಗಸಾಗಿ ಆಟ ನಡೆದಿದೆ.