ಬೆಟ್ಟದ ಬೆಳಕಿಗೆ ಒಗ್ಗುವ ಕ್ಯಾಮೆರಾ

ಕುದುರೆಮುಖದ ಬೆಟ್ಟಗಳಲ್ಲಿ ಫೋಟೊ ತೆಗೆಯುವವರಿಗೆ ಬೆಳಕಿನದ್ದೇ ದೊಡ್ಡ ಸವಾಲು. ಮೇಲೆ ಹೊಳೆಯುವ ಮೋಡ, ಕೆಳಗೆ ಶೋಲಾ ಕಾಡಿನ ಕಡುಗಪ್ಪು ನೆರಳು. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಯಾವ ಮಿರರ್‌ಲೆಸ್ ಕೊಳ್ಳಬೇಕು ಎಂದು ಕೇಳಿದರೆ ನಾನು ಹೇಳುವುದು 2018ರಲ್ಲಿ ಬಂದ ನಿಕಾನ್ ಝಡ್7.

ಅದರ 45.7 ಮೆಗಾಪಿಕ್ಸೆಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಪ್ರೀತಿ ಅದರ ಮೂಲ ಐಎಸ್‌ಒ 64ರ ಮೇಲೆ. ಬಹಳಷ್ಟು ಕ್ಯಾಮೆರಾಗಳು 100ರಿಂದ ಶುರುವಾಗುತ್ತವೆ. 64ರಲ್ಲಿ ಈ ಸೆನ್ಸರ್ ಇನ್ನಷ್ಟು ಬೆಳಕು ತುಂಬಿಕೊಂಡರೂ ಮೋಡದ ವಿವರ ಬಿಳಿಚಿ ಹೋಗುವುದಿಲ್ಲ. ಆಮೇಲೆ ರಾ ಫೈಲಿನಲ್ಲಿ ನೆರಳನ್ನು ತಿಳಿಯಾಗಿಸಿದರೆ ಎಲೆಗಳ ಹಸಿರು ಸ್ವಚ್ಛವಾಗಿ ಮೇಲೇಳುತ್ತದೆ. ಎಷ್ಟು ನೋಡಿದರೂ ನನಗೆ ಇದು ಬೆರಗೇ.

ವ್ಯೂಫೈಂಡರಿನೊಳಗೇ ಹಿಸ್ಟೋಗ್ರಾಮ್ ಕಾಣುವುದು ಇನ್ನೊಂದು ಸುಖ. ಮಂಜು ಸರಿಯುತ್ತಿರುವಾಗ, ಕ್ಲಿಕ್ಕಿಸುವ ಮೊದಲೇ ಎಕ್ಸ್‌ಪೋಶರ್ ತಿದ್ದಿಕೊಳ್ಳಬಹುದು.

ಲೆನ್ಸ್ 14-30 ಎಂಎಂ ಎಫ್/4 ಇರಲಿ. ತೂಕ 485 ಗ್ರಾಂ. ಇಷ್ಟು ಅಗಲವಾಗಿ ನೋಡುವ ಲೆನ್ಸಾದರೂ ಮುಂದೆ 82 ಎಂಎಂ ಫಿಲ್ಟರನ್ನು ನೇರವಾಗಿ ತಿರುಗಿಸಿ ಕೂರಿಸಬಹುದು. ಒದ್ದೆ ಬಂಡೆ, ಎಲೆಗಳ ಹೊಳಪು ತಗ್ಗಿಸಲು ಪೋಲರೈಸರ್ ಬೇಕೇ ಬೇಕು.

ಝಡ್7ರಲ್ಲಿ ಕಾರ್ಡಿಗೆ ಒಂದೇ ಸ್ಲಾಟ್. 2020ರ ಎರಡನೇ ಆವೃತ್ತಿಯಲ್ಲಿ ಎರಡಿವೆ. ಮದುವೆ ಫೋಟೊ ತೆಗೆಯುವವರಿಗೆ ಅದು ಮುಖ್ಯ. ಬೆಟ್ಟಕ್ಕೆ ಮಾತ್ರವಾದರೆ ಹಳೆಯದನ್ನೇ ಸೆಕೆಂಡ್ ಹ್ಯಾಂಡ್ ಕೊಂಡು, ಉಳಿದ ದುಡ್ಡನ್ನು ಗಾಳಿಗೆ ಅಲುಗದ ಟ್ರೈಪಾಡಿಗೆ ಹಾಕಿ.