ಪುಟ್ಟಣ್ಣ ಕಂಡ ಬಂಡೆ
ಬಿಳಿಚೋಡಿನಲ್ಲಿ ಬೆಳೆದ ನನಗೆ ಚಿತ್ರದುರ್ಗದ ಬಂಡೆ ಅಂದ್ರೆ ಬರೀ ಬಂಡೆ. ಅದಕ್ಕೆ ಜೀವ ತುಂಬಿದ್ದು ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’. ರಾಮಾಚಾರಿಗೆ ಕೋಪ ಬಂದ್ರೂ ಪ್ರೀತಿ ಹುಟ್ಟಿದ್ರೂ ಕೋಟೆಯೇ ಗತಿ. ‘ಬಾರೆ ಬಾರೆ’ ಹಾಡಿನ ಸ್ಲೋ ಮೋಷನ್‌ನಲ್ಲಿ ಅವನು ಅಲಮೇಲುವಿನ ಹಿಂದೆ ತೇಲಿಹೋಗೋದು ಇದೇ ಕಲ್ಲುಗಳ ನಡುವೆ. ಆಮೇಲೆ ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವಳನ್ನು ಬಿಟ್ಟುಕೊಡ್ತಾನೆ. ಕೊನೆಗೆ ಮೇಷ್ಟ್ರು ಬೀಳೋದೂ, ಅವನು ಮಾರ್ಗರೆಟ್ ಜೊತೆ ಹಾರೋದೂ ಬೆಟ್ಟದ ಮೇಲಿಂದಲೇ.

ಮೊಬೈಲಲ್ಲಿ ಕ್ಲೈಮ್ಯಾಕ್ಸ್ ತುಣುಕು ಮಾತ್ರ ನೋಡಿದ್ರೆ ಮೂರು ಸಾವು ಕಾಣುತ್ತೆ, ಅಷ್ಟೇ. ಮೊದಲಿಂದ ನೋಡಿದವರಿಗೆ, ಹುಡುಗನಿಗೆ ಆಸರೆಯಾಗಿದ್ದ ಜಾಗವೇ ಅವನನ್ನು ನುಂಗಿದ ಸಂಕಟ. ಆ ಸಂಕಟಕ್ಕೆ ಪುಟ್ಟಣ್ಣ ಹಾಡು, ಜಗಳಗಳ ನಡುವೆಯೇ ನೆಲ ಹದ ಮಾಡಿಟ್ಟಿರ್ತಾರೆ.