ಇಗರ್ಜಿಯೊಳಗೊಬ್ಬ ಅವಿಶ್ವಾಸಿ

ಇಂಗ್ಲೆಂಡಿನ ಹಳೆಯ ಇಗರ್ಜಿಗಳನ್ನು ಕುರಿತ ಕವಿತೆಗಳು ಆಂಗ್ಲ ಭಾಷೆಯಲ್ಲಿ ಹೇರಳವಾಗಿವೆ. ಆದರೆ ಪ್ರಾರ್ಥನೆಗಲ್ಲ, ಸುಮ್ಮನೆ ನೋಡಿಬರಲೆಂದು ಒಳಹೊಕ್ಕವನ ಮನಸ್ಸನ್ನು ಫಿಲಿಪ್ ಲಾರ್ಕಿನ್ನನ ‘ಚರ್ಚ್ ಗೋಯಿಂಗ್’ನಷ್ಟು ನಿರ್ದಾಕ್ಷಿಣ್ಯವಾಗಿ ತೆರೆದಿಟ್ಟ ಕವಿತೆಯನ್ನು ನಾವು ಕಂಡಿಲ್ಲ. 1955ರ ‘ದಿ ಲೆಸ್ ಡಿಸೀವ್ಡ್’ ಸಂಕಲನದಲ್ಲಿ ಸೇರಿದ ಈ ಕೃತಿಗೆ ಒಂಬತ್ತೊಂಬತ್ತು ಸಾಲಿನ ಏಳು ಪದ್ಯಗಳು. ಶೀರ್ಷಿಕೆಯಲ್ಲಿಯೇ ಶ್ಲೇಷೆಯಿದೆ: ಇಗರ್ಜಿಗೆ ಹೋಗುವುದೆಂದೂ ಆಯಿತು, ಇಗರ್ಜಿಯೇ ಇಲ್ಲವಾಗುತ್ತಿರುವುದೆಂದೂ ಆಯಿತು.

ಕಥೆ ಅಲ್ಪ. ಸೈಕಲ್ಲಿನಲ್ಲಿ ಹೊರಟವನೊಬ್ಬನು ಒಳಗೆ ಆರಾಧನೆ ನಡೆಯುತ್ತಿಲ್ಲವೆಂದು ಖಾತ್ರಿಮಾಡಿಕೊಂಡು ಹೊಗುತ್ತಾನೆ. ತೆಗೆಯಲು ತಲೆಯಲ್ಲಿ ಟೋಪಿಯಿಲ್ಲ. ಗೌರವಕ್ಕೆಂದು ಷರಾಯಿಯ ಕ್ಲಿಪ್ಪುಗಳನ್ನು ತೆಗೆಯುತ್ತಾನೆ. ವೇದಪಾಠದ ಪೀಠವನ್ನೇರಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಓದಿಬಿಡುತ್ತಾನೆ. ಹೊರಡುವಾಗ ಕಾಣಿಕೆಯಾಗಿ ಹಾಕುವುದು ಐರ್ಲೆಂಡಿನ ಆರು ಪೆನ್ನಿಯ ನಾಣ್ಯ! ಸಂತೆಯಲ್ಲಿ ನಡೆಯದ ಕಾಸನ್ನು ಹುಂಡಿಗೆ ಹಾಕುವ ಬುದ್ಧಿ ನಮ್ಮವರಿಗೂ ಅಪರಿಚಿತವಲ್ಲ.

ಇಷ್ಟನ್ನೇ ಓದಿ ಇದೊಂದು ಧರ್ಮನಿಂದೆಯ ಕವಿತೆಯೆಂದು ತರಗತಿಯಲ್ಲಿ ಹೇಳಿ ಮುಗಿಸುವುದುಂಟು. ಅದು ಕವಿಗೆ ಮಾಡುವ ಅನ್ಯಾಯ. ನಿಲ್ಲಲು ತಕ್ಕ ಸ್ಥಳವೇ ಅಲ್ಲವೆಂದವನು ಮರುಕ್ಷಣವೇ, ಆದರೂ ತಾನು ಮತ್ತೆ ಮತ್ತೆ ನಿಲ್ಲುವುದುಂಟೆಂದು ಒಪ್ಪುತ್ತಾನೆ. ಕವಿತೆಯ ಜೀವ ಈ ‘ಆದರೂ’ ಎಂಬುದರಲ್ಲಿದೆ. 1936ರಲ್ಲಿ ಲಿಟ್ಲ್ ಗಿಡ್ಡಿಂಗ್‌ನ ಪುಟ್ಟ ಇಗರ್ಜಿಯನ್ನು ಕಂಡು 1942ರಲ್ಲಿ ಅದೇ ಹೆಸರಿನ ಕವಿತೆಯನ್ನು ಪ್ರಕಟಿಸಿದ ಎಲಿಯಟ್, ಬಂದವನು ಮೊಣಕಾಲೂರಲೇಬೇಕೆಂದು ಬಯಸುತ್ತಾನೆ. ಲಾರ್ಕಿನ್ನನಾದರೋ ಮೊಣಕಾಲೂರಲಾರದವನಿಗೂ ಅಲ್ಲಿ ನಿಲ್ಲುವ ಹಕ್ಕನ್ನು ಕೊಡುತ್ತಾನೆ. ಜನನ, ವಿವಾಹ, ಮರಣ ಮೂರನ್ನೂ ಒಂದೇ ಸೂರಿನಡಿ ಕಾಪಾಡಿದ ಮನೆಯೆಂಬ ಕಾರಣವೇ ಅವನಿಗೆ ಸಾಕು.

ಒಂದೆಡೆ ಮಾತ್ರ ನಾವು ಕವಿಯನ್ನು ಒಪ್ಪಲಾರೆವು. ಕೊನೆಗೆ ಇಗರ್ಜಿಯನ್ನು ಅರಸಿ ಬರುವವರು ಯಾರೆಂದು ಊಹಿಸುವಾಗ, ಶಿಲುಬೆಯಟ್ಟದ ವಿಚಾರ ಬಲ್ಲ ಪಂಡಿತನನ್ನು ಅವನು ಹಗುರವಾಗಿ ಗೇಲಿಮಾಡುತ್ತಾನೆ. ಈ ಅಟ್ಟಗಳು ಜನ ಕೂಡುವ ಅಂಕಣಕ್ಕೂ ಬಲಿಪೀಠದ ಅಂಕಣಕ್ಕೂ ನಡುವೆ ಎತ್ತರದಲ್ಲಿದ್ದು, ಶಿಲುಬೆಗೇರಿದ ಕ್ರಿಸ್ತನ ಪ್ರತಿಮೆ ಅಲ್ಲಿಯೇ ನಿಲ್ಲುತ್ತಿತ್ತು. ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ (1547–1553) ಪ್ರತಿಮೆಗಳು ನಾಶವಾದುವು. 1561ರಲ್ಲಿ ಎಲಿಜಬೆತ್ ರಾಣಿಯ ಆಜ್ಞೆಯಿಂದ ಅಟ್ಟಗಳನ್ನೂ ಕೆಡವಲಾಯಿತು. ಆ ಸೈಕಲ್ಲಿನವನು ಅನುಭವಿಸುವ ಬರಿದುತನದಲ್ಲಿ ಒಂದು ಪಾಲು ಹೀಗೆ ಕಿತ್ತು ತೆಗೆದುದರಿಂದಾದುದು. ಇದನ್ನು ತಿಳಿಸಬಲ್ಲವನು ಗೇಲಿಗೆ ಗುರಿಯಾದ ಆ ಪಂಡಿತನೇ ಹೊರತು ಕವಿಯಲ್ಲ. ವಿದ್ಯಾರ್ಥಿಗಳು ಕವಿತೆಯೊಂದಿಗೆ ನಿಕೊಲಾಸ್ ಪೆವ್ಸ್ನರ್ 1951ರಿಂದ 1974ರವರೆಗೆ 46 ಸಂಪುಟಗಳಲ್ಲಿ ಹೊರತಂದ ಇಂಗ್ಲೆಂಡಿನ ಕಟ್ಟಡಗಳ ಗ್ರಂಥಮಾಲೆಯನ್ನೂ ಒಮ್ಮೆ ತಿರುವಿ ನೋಡಲಿ.

ಕೆಲವು ಮಹಾದೇಗುಲಗಳನ್ನು ಪ್ರದರ್ಶನಕ್ಕಿಟ್ಟು, ಮಿಕ್ಕುವನ್ನು ಮಳೆಗೂ ಕುರಿಗೂ ಬಿಡುವುದೇ ಎಂದು ಕವಿ ಶಂಕಿಸಿದ್ದನು. 1969ರಲ್ಲಿ ಅಂತಹ ಇಗರ್ಜಿಗಳಿಗಾಗಿಯೇ ಒಂದು ನಿಧಿ ಸ್ಥಾಪಿತವಾಯಿತು. ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್ ಎಂಬ ಹೆಸರಿನಿಂದ ಅದು ಇಂದು 350ಕ್ಕೂ ಹೆಚ್ಚು ಇಗರ್ಜಿಗಳನ್ನು ರಕ್ಷಿಸುತ್ತಿದೆ. ಬಹಳಷ್ಟು ಕಡೆ ನೋಡುವುದಕ್ಕಷ್ಟೇ ಬಂದವನಿಗೂ ಬಾಗಿಲು ತೆರೆದಿರುತ್ತದೆ. ಹಲವೆಡೆ ವರ್ಷದಲ್ಲಿ ಒಂದೆರಡು ಬಾರಿ ಪ್ರಾರ್ಥನೆಯೂ ನಡೆಯುತ್ತದೆ.